ಗ್ಯಾಸ್ ಒಲೆಯ ಮೇಲೆ ಖಾನಾಪುರದ ಮಣ್ಣು

ಖಾನಾಪುರದ ನಮ್ಮ ಮನೆಯಲ್ಲಿ ಬುಡಕ್ಕೆ ಮಣ್ಣು ಮೆತ್ತದೆ ಯಾವ ಪಾತ್ರೆಯೂ ಒಲೆ ಏರುತ್ತಿರಲಿಲ್ಲ. ಕೆಂಪು ಮಣ್ಣಿಗೆ ಬೂದಿ ಸೇರಿಸಿ ಕಲಸಿ ತೆಳ್ಳಗೆ ಸವರುವುದು. ಮಸಿಯೆಲ್ಲ ಮಣ್ಣಿಗೇ ಹತ್ತುತ್ತಿತ್ತು. ತೊಳೆದರೆ ಹಿತ್ತಾಳೆ ಹೊಳೆಯುತ್ತಿತ್ತು. ಎಂಬತ್ತರ ದಶಕದ ಶುರುವಿನಲ್ಲಿ ನಾನು ಬೆಳಗಾವಿಯ ಶಹಾಪುರಕ್ಕೆ ಸೊಸೆಯಾಗಿ ಹೊರಟಾಗ, ಅವ್ವ ಹಿತ್ತಾಳೆ ಬೋಗುಣಿಯ ಜೊತೆಗೆ ಒಂದು ಉಂಡೆ ಮಣ್ಣನ್ನೂ ಟ್ರಂಕಿನಲ್ಲಿ ಇಟ್ಟಿದ್ದಳು.

ಗಂಡನ ಮನೆಗೆ ಆಗಷ್ಟೇ ಗ್ಯಾಸ್ ಬಂದಿತ್ತು. ಮೂವತ್ತು ವರ್ಷ ಹೊಗೆ ಕುಡಿದು ಕಣ್ಣು ಕೆಂಪಾಗಿಸಿಕೊಂಡಿದ್ದ ಅತ್ತೆ ಹಟ ಹಿಡಿದು ತರಿಸಿದ್ದರು. ಮಾವನಿಗೆ ಅದನ್ನು ಕಂಡರಾಗದು. "ಒಂದ ಸಲ ಕೆಟ್ಟರೂ ಹೊಳ್ಳಿ ಕಳಸ್ತೇನಿ" ಎಂದು, ವಾಪಸು ಕಳಿಸುವ ಶರತ್ತು ಹಾಕಿಯೇ ಒಪ್ಪಿದ್ದರು.

ನನಗೋ ಆ ನೀಲಿ ಉರಿಯ ಮುಂದೆ ನಿಂತರೆ ಜೋಂಪು. ಹೊಗೆಯಿಲ್ಲ, ಊದುವುದಿಲ್ಲ, ಕಟ್ಟಿಗೆಯ ಚಟಪಟವಿಲ್ಲ. ಅಡುಗೆಯೋ ಕನಸೋ ತಿಳಿಯದು. ಒಂದು ಮುಂಜಾನೆ ಮೈ ಶಹಾಪುರದಲ್ಲಿತ್ತು, ಕೈ ಖಾನಾಪುರದಲ್ಲಿತ್ತು. ಆ ಕೈ ತಾನೇ ಮಣ್ಣು ಕಲಸಿತು, ಬೋಗುಣಿಯ ಬುಡಕ್ಕೆ ಸವರಿತು, ಚಹಾಕ್ಕೆ ನೀರಿಟ್ಟಿತು. ನಾನು ಕಿಟಕಿಯಾಚೆ ನೇಕಾರರ ಓಣಿಯ ಮಗ್ಗಗಳ ಸದ್ದು ಕೇಳುತ್ತ, ಮನಸ್ಸಿನಲ್ಲೇ ಅವ್ವನ ಹಿತ್ತಲಲ್ಲಿ ನಿಂತಿದ್ದೆ.

ಮಣ್ಣು ಒಣಗಿ ಬಿರಿದು ಬರ್ನರಿನ ತೂತುಗಳಿಗೆಲ್ಲ ಉದುರಿತು. ಉರಿ ಹಳದಿಯಾಗಿ ಫುಸ್ ಎಂದು ಆರಿತು. ಗಾಬರಿಯಿಂದ ಗ್ಯಾಸ್ ಬಂದ್ ಮಾಡಿದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನಗೆ ಚಹಾ ಕೂಡ ಸಿಗಲಿಲ್ಲ.

ಅತ್ತೆ ಬಂದು ನೋಡಿದರು. ಬಯ್ಯಲಿಲ್ಲ. ಬರ್ನರನ್ನು ನೆಲಕ್ಕಿಳಿಸಿ, ಪಿನ್ನು ಹಿಡಿದು ತೂತು ಕೆದಕತೊಡಗಿದರು. ನನ್ನಿಂದಾಗಿ ಇವರು ಮತ್ತೆ ಹೊಗೆಯ ಮುಂದೆ ಕೂರಬೇಕಲ್ಲ ಎಂದು ನನಗೆ ಅಳುವೇ ಬಂತು. ಅಷ್ಟರಲ್ಲಿ ಮಾವ ಬಾಗಿಲಿಗೆ ಬಂದರು.

"ಇದನ್ಯಾರು ಕೆಡಿಸಿದ್ರು?"

"ನಾನ ರೀ," ಎಂದರು ಅತ್ತೆ. "ಮೂವತ್ತ ವರ್ಷದ ರೂಢಿ. ಮರತು ಮಣ್ಣ ಹಚ್ಚಿಬಿಟ್ಟೆ."

"ಹಂಗಾರ ನಾಳಿ ಹೊಳ್ಳಿ ಕಳಸೂಣು."

"ಕಳಸ್ರಿ." ಅತ್ತೆ ತಲೆ ಎತ್ತಿ ಅವರನ್ನೇ ನೋಡಿದರು. "ಆದರ ಮುಂದ ಒಲಿ ಊದಾಕ ನೀವ ಕುಂದರ್ರಿ. ನನ್ನ ಕಣ್ಣಿಗೆ ಇನ್ನ ಆಗೂದಿಲ್ಲ."

ಮಾವ ಆ ಕೆಂಪು ಕಣ್ಣುಗಳನ್ನು ಅಂದೇ ಮೊದಲು ಕಂಡವರಂತೆ ನಿಂತರು. ಆಮೇಲೆ ಅಂಗಿಯ ತೋಳು ಮಡಚಿ, ಅತ್ತೆಯ ಕೈಯಿಂದ ಪಿನ್ನು ತೆಗೆದುಕೊಂಡು, ಬರ್ನರಿನ ಮುಂದೆ ತಾವೇ ಕುಳಿತರು.