ಎಶೆ ಮರದ ಮೈಮೂನಾ

ಮೈಮೂನಾಳನ್ನು ಬಸವ್ವ ಮೊದಲ ಸಲ ಕಂಡದ್ದು ಮರದ ಮೇಲೆ. ಗಂಡ ತೀರಿಕೊಂಡ ಮೇಲೆ ಗದಗಿನಿಂದ ಬಂದು ಬಸವ್ವ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ಮಗಳು ಕಲ್ಯಾಣಿಯ ಹತ್ತಿರ ಉಳಿದಿದ್ದಳು. ಮನೆ ಮೂರನೆಯ ಮಾಳಿಗೆಯಲ್ಲಿ. ಅವತ್ತು ಬಾಲ್ಕನಿಯಲ್ಲಿ ಕುಳಿತು ಮೆಂತ್ಯ ಸೊಪ್ಪು ಸೋಸುತ್ತಿದ್ದಾಗ, ಅಂಗಳದ ದೊಡ್ಡ ಮರದೊಳಗಿಂದ ಹೆಲ್ಮೆಟ್ ಹಾಕಿಕೊಂಡ ಒಂದು ಜೀವ ಹಗ್ಗ ಹಿಡಿದು ಮೇಲೇರುತ್ತ ಬಂದು ಅವಳ ಕಣ್ಣೆದುರೇ ನಿಂತಿತು. ಸೊಂಟಕ್ಕೆ ಗರಗಸ ಜೋತಿತ್ತು. ಬಸವ್ವ ಅಂಜಿದಳು. ಯಾರ ಮನೆಯ ಮಗನೋ ಏನೋ, ಹಗ್ಗ ಹರಿದರೆ ಹಡೆದವಳ ಗತಿ ಏನು ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಅಂದದ್ದು ಕೊಂಚ ಗಟ್ಟಿಯಾಗಿಯೇ ಇತ್ತು.

"ಹಗ್ಗ ಗಟ್ಟಿ ಐತ್ರಿ ಅವ್ವಾರ. ಮತ್ತ ಮಗ ಅಲ್ರಿ, ಮಗಳು," ಎಂಬ ಉತ್ತರ ಮರದಿಂದ ಬಂತು.

ಮೆಂತ್ಯದ ಬುಟ್ಟಿ ಬಸವ್ವನ ತೊಡೆಯಿಂದ ಜಾರಿ ಬಿತ್ತು. ಕೆಲಸ ಮುಗಿದ ಮೇಲೆ ಆ ಹುಡುಗಿಯನ್ನು ಮೇಲಕ್ಕೆ ಕರೆದು ರೊಟ್ಟಿ, ಮೆಂತ್ಯ ಪಲ್ಯ ಕೊಟ್ಟಳು. ಹುಡುಗಿ ಕೈ ತೊಳೆದರೂ ಬೆರಳ ಸಂದಿಯಲ್ಲಿ ಕಟ್ಟಿಗೆಯ ಹೊಟ್ಟು ಉಳಿದಿತ್ತು.

ಮೈಮೂನಾ ರಾಣೆಬೆನ್ನೂರಿನವಳು. ಅವಳ ತಂದೆಗೆ ಅಲ್ಲಿ ಕಟ್ಟಿಗೆ ಅಡ್ಡೆ ಇತ್ತು. ಜಾಲಿ ಯಾವುದು, ಹುಣಸೆ ಯಾವುದು ಎಂದು ಸಿಪ್ಪೆ ನೋಡಿ ಹೇಳುವುದನ್ನು ಅವಳು ಅಕ್ಷರಕ್ಕೆ ಮೊದಲೇ ಕಲಿತಳು. ಧಾರವಾಡದಲ್ಲಿ ಕೃಷಿ ಓದಿದಳು, ಫಾರೂಖ್‌ನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಅವನಿಗೆ ಸಾಫ್ಟ್‌ವೇರ್ ಕೆಲಸ. ಇವಳು ಅರ್ಜಿ ಹಾಕಿದಲ್ಲೆಲ್ಲ ಜರ್ಮನ್ ಸಾಲದು ಎಂಬ ಮಾತೇ ಬರುತ್ತಿತ್ತು. ಒಂದು ದಿನ ಅರಮನೆ ತೋಟದಲ್ಲಿ ಹಗ್ಗದ ಮೇಲೆ ತೂಗಾಡುತ್ತ ಒಣಗಿದ ಕೊಂಬೆ ತೆಗೆಯುವವರನ್ನು ಕಂಡು, ತಂದ ಬುತ್ತಿ ಬಿಚ್ಚುವುದನ್ನೂ ಮರೆತು ನಿಂತಳಂತೆ. ಆಮೇಲೆ ತಾನೂ ಹಗ್ಗ ಹತ್ತುವುದನ್ನು ಕಲಿತು, ಮರಗಳ ಆರೈಕೆ ಮಾಡುವ ಒಂದು ಚಿಕ್ಕ ಕಂಪನಿಗೆ ಸೇರಿದಳು. ಸೊಸೆಯನ್ನು ಜರ್ಮನಿಗೆ ಕಳಿಸಿದರೆ ಮಂಗ್ಯಾ ಆಗಿ ಕುಂತಳು ಎಂದು ಅತ್ತೆ ಫೋನಿನಲ್ಲಿ ಆಡಿಕೊಂಡರಂತೆ. "ಮಂಗ್ಯಾಗ ಹೆಲ್ಮೆಟ್ ಇರೂದಿಲ್ರಿ ಅತ್ತಿ ಅಂತ ಹೇಳೀನ್ರಿ," ಎಂದು ಮೈಮೂನಾ ರೊಟ್ಟಿ ಮುರಿಯುತ್ತ ನಕ್ಕಳು.

ಅಂಗಳದ ಆ ಮರ ಆ್ಯಶ್. ಇಲ್ಲಿಯವರು ಎಶೆ ಎನ್ನುತ್ತಾರೆ. ಎಲೆ ಬೇವಿನ ಹಾಗೆ ಸಾಲುಸಾಲಾಗಿ ಇದ್ದುದರಿಂದ ಬಸವ್ವ ಬಂದ ಹೊಸತರಲ್ಲಿ ಒಂದನ್ನು ಕಚ್ಚಿ ನೋಡಿದ್ದಳು, ಕಹಿ ಇರಲಿಲ್ಲ. ಅದರ ಬುಡದಲ್ಲೊಂದು ಬೆಂಚು ಇತ್ತು. ಭಾಷೆ ಬಾರದ ಊರಿನಲ್ಲಿ ಬಸವ್ವ ಹೋಗಿ ಕೂರುವ ಜಾಗ ಅದೊಂದೇ.

ಆ ಮರಕ್ಕೆ ರೋಗ ಹತ್ತಿತ್ತು. ಗಾಳಿಯಲ್ಲಿ ಬರುವ ಒಂದು ಬೂಷ್ಟು ಎಲೆಯಿಂದ ಒಳಹೊಕ್ಕು ಕೊಂಬೆಗಳನ್ನು ತುದಿಯಿಂದ ಒಣಗಿಸುತ್ತದೆ, ಹಾಗೆ ಸೋತ ಮರವನ್ನು ಹುಡುಕಿಕೊಂಡು ಆಮೇಲೆ ಹುಳು ಬರುತ್ತದೆ ಎಂದು ಮೈಮೂನಾ ಬಿಡಿಸಿ ಹೇಳಿದಳು. ಊರಿನ ಎಷ್ಟೋ ಎಶೆಗಳನ್ನು ಆಗಲೇ ಕಡಿದಿದ್ದರು. ಇದನ್ನೂ ಕಡಿಸಬೇಕೆಂದು ಕಟ್ಟಡ ನೋಡಿಕೊಳ್ಳುವ ಹೌಸ್‌ಫೆರ್‌ವಾಲ್ಟುಂಗ್ ಕಚೇರಿಯವರು ತೀರ್ಮಾನಿಸಿದ್ದಾಗ, ಬೇಡ, ಬುಡ ಗಟ್ಟಿ ಇದೆ, ಇದರ ಹೊಣೆ ನನ್ನದು ಎಂದು ಅಡ್ಡ ನಿಂತವಳು ಮೈಮೂನಾ. ನೂರರಲ್ಲಿ ಎಲ್ಲೋ ಒಂದೆರಡು ಎಶೆ ಈ ರೋಗ ತಡೆದು ಬದುಕುತ್ತವಂತೆ. ಇದು ಅಂಥದ್ದಿರಬಹುದು ಎಂದು ಅವಳಿಗೆ ಆಸೆ. ಅವಳೊಬ್ಬಳನ್ನೇ ನಂಬಿ ಕಂಪನಿ ಒಪ್ಪಿಸಿದ ಮೊದಲ ಮರವೂ ಅದೇ.

ಬೇವಿನೆಣ್ಣೆ ಬಳಿಯೋಣ, ಸುಣ್ಣ ಹಚ್ಚೋಣ ಎಂದು ಬಸವ್ವ ತನಗೆ ತಿಳಿದದ್ದನ್ನೆಲ್ಲ ಹೇಳಿ ನೋಡಿದಳು. ಬೂಷ್ಟಿಗೆ ಯಾವ ಊರಿನಲ್ಲೂ ಔಷಧ ಇಲ್ಲ, ಹುಳುವಿಗೆ ಕೆಲವು ದೇಶಗಳಲ್ಲಿ ಬೊಡ್ಡೆಗೆ ಸೂಜಿ ಹಾಕುತ್ತಾರೆ, ಇಲ್ಲಿ ಅದಕ್ಕೆ ಪರವಾನಗಿ ಇಲ್ಲ ಎಂದಳು ಮೈಮೂನಾ. "ನಮ್ಮ ಕೈಯಾಗ ಗರಗಸ, ನೀರು, ಕಸಬರಿಗಿ, ಇಷ್ಟ ಅದಾವ್ರಿ."

ಕಸಬರಿಗೆ ಬಸವ್ವನ ಪಾಲಿಗೆ ಬಂತು. ಬೂಷ್ಟು ಚಳಿಗಾಲ ಕಳೆಯುವುದು ಉದುರಿದ ಎಲೆಯ ದಂಟಿನಲ್ಲಿ. ಆದ್ದರಿಂದ ಎಲೆ ಉದುರುವ ಕಾಲಕ್ಕೆ ಬಸವ್ವ ದಿನಾ ಬೆಳಿಗ್ಗೆ ಅಂಗಳ ಗುಡಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕುಕ್ಕರಗಾಲಲ್ಲಿ ಕುಳಿತು ದಂಟುಗಳನ್ನು ಆರಿಸಿ ಚೀಲಕ್ಕೆ ತುಂಬುತ್ತಿದ್ದಳು. ಕೆಳಗಿನ ಮನೆಯ ಮುದುಕ ಹೆರ್ ಕ್ಲೈಬರ್ ಮೊದಮೊದಲು ಕಿಟಕಿಯಿಂದ ನೋಡಿ ತಲೆಯಾಡಿಸುತ್ತಿದ್ದ. ಆಮೇಲೆ ತಾನೂ ಎಲೆ ಬಾಚುವ ಒಂದು ಕೈಕುಂಟೆ ತಂದ. ಎರಡು ವರ್ಷ ಹೀಗೆ ನಡೆಯಿತು. ಮರ ಪೂರ್ತಿ ಗೆಲುವಾಗಲಿಲ್ಲ, ಸೋಲಲೂ ಇಲ್ಲ.

ಮೂರನೆಯ ಚಳಿಗಾಲದಲ್ಲಿ ಒಂದು ದಪ್ಪ ಕೊಂಬೆ ಒಣಗಿತು. ಮೈಮೂನಾ ಅದನ್ನು ಕತ್ತರಿಸಿದಳು. ಎಂದಿನಂತೆ ಲಾರಿಗೆ ಹಾಕಬೇಕಿತ್ತು. ಮನೆ ಬೆಚ್ಚಗಿಡುವ ಗ್ಯಾಸಿನ ಬೆಲೆ ಏರಿದ ಕಾಲ ಅದು. ಹೆರ್ ಕ್ಲೈಬರ್ ಒಲೆಗೆ ಬೇಕೆಂದು ಕೇಳಿದ. ಕಟ್ಟಿಗೆ ಅಡ್ಡೆಯಲ್ಲಿ ಬೆಳೆದವಳು, ಉರಿಯುವ ಕಟ್ಟಿಗೆ ಕೇಳಿದವರಿಗೆ ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ತುಂಡುಗಳನ್ನು ಅಂಗಳದಲ್ಲೇ ಮರದ ಹತ್ತಿರ ಒಟ್ಟಿ, ಅದಕ್ಕೊಂದು ಲೆಕ್ಕವನ್ನೂ ಹಾಕಿದಳು: ಬಿಸಿಲು ಏರಿದಾಗ ಹುಳು ಕಡಿದ ಕಟ್ಟಿಗೆಗೇ ಮೊದಲು ಬೀಳುತ್ತದೆ, ಅದರಲ್ಲೇ ಮೊಟ್ಟೆ ಇಡುತ್ತದೆ. ಮರಿ ಹೊರಬೀಳುವ ಮೊದಲು ಕಟ್ಟಿಗೆ ಸಾಗಿಸಿದರೆ ಹುಳುವೂ ಅದರ ಜೊತೆಗೇ ಹೋಗುತ್ತದೆ. ಇಲಿಗೆ ಬೋನು ಇಟ್ಟ ಹಾಗೆ. ಈ ಉಪಾಯ ಇಲ್ಲಿಯವರದೇ, ಹಳೆಯದು. ಜೂನ್ ಮೊದಲ ವಾರಕ್ಕೆ ಲಾರಿ ಹೇಳಿಟ್ಟಳು. ಕಟ್ಟಿಗೆ ಊರಾಚೆ ಹೆರ್ ಕ್ಲೈಬರನ ತೋಟಕ್ಕೆ ಹೋಗಬೇಕು, ಅಲ್ಲಿ ಸಿಪ್ಪೆ ಸುಲಿದು ಸುಡಬೇಕು. ಏಪ್ರಿಲಿನಲ್ಲಿ ಕಟ್ಟಿಗೆಯ ಮೇಲೆ ಗೋಧಿ ತವುಡಿನಂಥ ಪುಡಿ ಕಂಡಿತು. ಬೋನಿಗೆ ಬಿದ್ದಿವೆ ಎಂದು ಮೈಮೂನಾ ಹಿಗ್ಗಿದಳು.

ಮೇ ತಿಂಗಳಲ್ಲಿ ಹೆರ್ ಕ್ಲೈಬರನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಗೆ ಒಯ್ದರು, ಮಾತು ಬಿದ್ದುಹೋಯಿತು. ಅದೇ ವಾರ ರಾಣೆಬೆನ್ನೂರಿನಿಂದ ಫೋನು ಬಂತು. ಮೈಮೂನಾ ಸಿಕ್ಕ ವಿಮಾನ ಹತ್ತಿದಳು. ಅವಳು ಮುಟ್ಟುವ ಹೊತ್ತಿಗೆ ತಂದೆಯನ್ನು ಮಣ್ಣು ಮಾಡಿ ಎಲ್ಲರೂ ಮನೆಗೆ ಮರಳಿದ್ದರು. ತಾಯಿಯನ್ನು ಬಿಟ್ಟು ಬರುವ ಹಾಗಿರಲಿಲ್ಲ. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಯುವ ತನಕ ಉಳಿದಳು.

ಜೂನಿನಲ್ಲಿ ಲಾರಿ ಬರಲಿಲ್ಲ. ಕಟ್ಟಿಗೆ ಹೆರ್ ಕ್ಲೈಬರನ ಸ್ವತ್ತು, ಅವನು ಹೇಳದೆ ಯಾರೂ ಮುಟ್ಟುವಂತಿಲ್ಲ ಎಂದು ಹೌಸ್‌ಫೆರ್‌ವಾಲ್ಟುಂಗ್ ಹೇಳಿತು. ಹಾಗಿದ್ದರೆ ತಾವೂ ಮುಟ್ಟುವುದಿಲ್ಲ ಎಂದಿತು ಮರದ ಕಂಪನಿ. ಬರ್ಲಿನ್ನಿನಲ್ಲಿದ್ದ ಮುದುಕನ ತಂಗಿಯ ಮಗ ಫೋನು ಎತ್ತಲಿಲ್ಲ. ಕಲ್ಯಾಣಿ ಆಫೀಸಿನಿಂದ ದಿನಾ ಒಬ್ಬರಲ್ಲ ಒಬ್ಬರಿಗೆ ಹೇಳಿ ಹೇಳಿ ಸೋತಳು. ಮೈಮೂನಾ ಊರಿನಿಂದ ಫೋನು ಮಾಡುತ್ತಿದ್ದಳು. ಹಿಂದೆ ಅಳುವ ಹೆಂಗಸರ ಸದ್ದು ಕೇಳುತ್ತಿತ್ತು.

"ಅವ್ವಾರ, ಕಟಗಿ ಹೋತೇನ್ರಿ?"

"ಇಲ್ಲೇ ಐತಿ ಮಗಳ."

"ಸಿಪ್ಪಿ ಮ್ಯಾಲ ಹೊಸ ತೂತು ಬಿದ್ದಾವೇನ್ರಿ?"

ಬಸವ್ವ ಚಾಳೀಸು ಹಾಕಿಕೊಂಡು ಹೋಗಿ ನೋಡಿ ಬಂದು, ಇನ್ನೂ ಇಲ್ಲ ಎಂದಳು. ಮರುದಿನ ಒಂದೆರಡು ತುಂಡು ತಾನೇ ಎತ್ತಿಡಲು ಹೋದಳು. ಸೊಂಟ ಹಿಡಿದು ಅಲ್ಲೇ ಬೆಂಚಿನ ಮೇಲೆ ಕುಳಿತಳು. ಎತ್ತಿ ಇಡುವುದಾದರೂ ಎಲ್ಲಿಗೆ? ಕೊನೆಗೆ ಮೇಲಿನಿಂದ ತನ್ನ ಕೌದಿ ತಂದಳು. ಗಂಡನ ಧೋತರ, ತನ್ನ ಹಳೆಯ ಇಳಕಲ್ ಸೀರೆ ಸೇರಿಸಿ ಹೊಲಿದದ್ದು. ಅದನ್ನು ಕಟ್ಟಿಗೆಗೆ ಹೊದಿಸಿ, ಅಂಚಿಗೆ ಸುತ್ತಲೂ ಕಲ್ಲು ಇಟ್ಟಳು. ಇದರಿಂದ ಏನೂ ಆಗದು ಎಂದು ಅವಳಿಗೂ ಗೊತ್ತಿತ್ತು. ಕೈ ಕಟ್ಟಿ ಕೂರಲು ಆಗಲಿಲ್ಲ.

ಕಡುಬಿಸಿಲಿನ ಒಂದು ಮಧ್ಯಾಹ್ನ ಕೌದಿಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಂಡಿತು. ಬಗ್ಗಿ ನೋಡಿದರೆ ಎಳ್ಳು ನಡೆಯುತ್ತಿತ್ತು. ಸೆರಗಿನಿಂದ ಒರೆಸಿದಳು, ಚಪ್ಪಲಿಯಿಂದ ತಿಕ್ಕಿದಳು. ಹೊಲಿಗೆಯ ಸಂದಿಯಿಂದ ಮತ್ತೆ ಬಂದವು. ಒಂದೊಂದಾಗಿ ರೆಕ್ಕೆ ಬಿಚ್ಚಿ, ಬೇರೆಲ್ಲಿಗೂ ಅಲ್ಲದೆ ಮರಕ್ಕೇ ಹಾರಿದವು. ಅವತ್ತು ಮೈಮೂನಾಳ ಫೋನು ಬಂದಾಗ ಬಸವ್ವ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಅವಳು ಕೇಳಿದ್ದು, ನಿಮ್ಮ ಸೊಂಟ ಹೇಗಿದೆ ಎಂದು.

ಮೈಮೂನಾ ಮರಳಿದವಳು ಮಾಡುವುದನ್ನೆಲ್ಲ ಮಾಡಿದಳು. ಆ ಬೇಸಿಗೆಯಿಡೀ ಬುಡಕ್ಕೆ ನೀರಿನ ಚೀಲ ಕಟ್ಟಿದಳು. ಹುಳು ಬಿದ್ದ ಕೊಂಬೆಗಳನ್ನು ತೆಗೆದು ಅವತ್ತೇ ಸಾಗಿಸಿದಳು. ಬಸವ್ವ ಮೊದಲಿನಂತೆ ದಂಟು ಆರಿಸಿದಳು. ಮುಂದಿನ ವಸಂತದಲ್ಲಿ ಮರದ ಅರ್ಧ ತಲೆಗೆ ಚಿಗುರೇ ಬರಲಿಲ್ಲ. ಬೊಡ್ಡೆಯ ತುಂಬ ಸೂಜಿ ಚುಚ್ಚಿದಂಥ ತೂತು. ಮೈಮೂನಾ ಚೂರಿಯಿಂದ ಸಿಪ್ಪೆ ಎಬ್ಬಿಸಿ ತೋರಿಸಿದಳು: ಒಳಗೆ ಕಸೂತಿ ಹಾಕಿದಷ್ಟು ಸಣ್ಣ, ನೇರ ಗೆರೆಗಳು. ಹುಳು ಬರದಿದ್ದರೂ ಬೂಷ್ಟು ಒಂದು ದಿನ ಕೊಲ್ಲುತ್ತಿತ್ತೇನೋ, ಕೊಲ್ಲದೆಯೂ ಇರಬಹುದಿತ್ತು, ಇದನ್ನು ಯಾರೂ ಖಚಿತವಾಗಿ ಹೇಳಲಾರರು ಎಂದು ಸಿಪ್ಪೆಯನ್ನು ಮತ್ತೆ ಅದರ ಜಾಗಕ್ಕೇ ಒತ್ತಿದಳು. ಅದು ನಿಲ್ಲಲಿಲ್ಲ.

ಹಕ್ಕಿ ಗೂಡು ಕಟ್ಟುವ ಕಾಲದಲ್ಲಿ ಇಲ್ಲಿ ಮರ ಕಡಿಯಗೊಡುವುದಿಲ್ಲ. ಆದ್ದರಿಂದ ಈ ಮರ ಕಡಿಯುವುದು ಅಕ್ಟೋಬರಿಗೆ ನಿಗದಿಯಾಯಿತು. ಬೇರೆಯವರನ್ನು ಕಳಿಸುತ್ತೇವೆ ಎಂದು ಕಂಪನಿ ಹೇಳಿದರೂ ಕೇಳದೆ ಮೈಮೂನಾಳೇ ಬಂದಳು. ತುದಿಯಿಂದ ಒಂದೊಂದೇ ತುಂಡು ಹಗ್ಗಕ್ಕೆ ಕಟ್ಟಿ ಇಳಿಸುತ್ತ, ಮೊದಲ ದಿನ ನಿಂತಿದ್ದ ಮಟ್ಟಕ್ಕೆ ಬಂದಾಗ ಬಾಲ್ಕನಿಯ ಕಡೆ ನೋಡಿದಳು. ಬಸವ್ವ ನೀರಿನ ಚೆಂಬು ಹಿಡಿದು ನಿಂತಿದ್ದಳು. ನಡುವೆ ಕೈಗೆ ಎಟುಕದಷ್ಟು ಗಾಳಿ.

ಫಾರೂಖ್‌ನಿಗೆ ಸಿಂಡೆಲ್‌ಫಿಂಗೆನ್‌ನ ಕಾರು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಆ ತಿಂಗಳ ಕೊನೆಗೆ ಆ ಊರಿಗೆ ಮನೆ ಬದಲಿಸುವವರಿದ್ದರು. ಕಟ್ಟಿಗೆಯ ಲಾರಿ ತುಂಬಿತು. ಈ ಸಲ ಒಂದು ಚಕ್ಕೆಯೂ ಉಳಿಯದ ಹಾಗೆ ಮೈಮೂನಾ ಅಂಗಳ ಗುಡಿಸಿದಳು, ಬಸವ್ವನ ಕಸಬರಿಗೆಯಿಂದಲೇ. ಆಮೇಲೆ ಹೆಲ್ಮೆಟ್ ತೆಗೆದು ಬೆಂಚಿನ ಮೇಲೆ ಬಸವ್ವನ ಪಕ್ಕದಲ್ಲಿ ಕುಳಿತಳು. ನೆರಳಿರಲಿಲ್ಲ, ಇಬ್ಬರ ಮುಖದ ಮೇಲೂ ಬಿಸಿಲು. ಲಾರಿಯವನು ಎರಡು ಸಲ ಹಾರ್ನ್ ಹಾಕಿದ. ಅವಳು ಎದ್ದು, ಕಸಬರಿಗೆಯನ್ನು ಬಸವ್ವನ ಕೈಗೆ ಕೊಟ್ಟು, ಹಿಡಿದ ಕೈ ಬಿಡದೆ ಕೇಳಿದಳು:

"ಅವ್ವಾರ, ನಾ ಊರಿಗೆ ಹೋಗದ ಇಲ್ಲೇ ಇದ್ದಿದ್ರ, ಈ ಗಿಡ ಉಳೀತಿತ್ತೇನ್ರಿ?"