ಹಿರೇಕೊಟ್ನೆಕಲ್‌ನ ಗುಲಾಬಿ ಕಲ್ಲು

ರಾಯಚೂರಿನಲ್ಲಿ ನಾನು ಓದಿದ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಒಂದು ಗಾಜಿನ ಕಪಾಟಿತ್ತು. ಅದರ ಎರಡನೆಯ ಹಲಗೆಯ ಮೇಲೆ ನನ್ನ ಕಲ್ಲು ಇತ್ತು. ಮುಷ್ಟಿಗಿಂತ ತುಸು ದೊಡ್ಡದು, ಹೊರಗೆಲ್ಲ ಮಸಿ ಬಳಿದಂಥ ಕಪ್ಪು, ಒಡೆದ ಮುಖದಲ್ಲಿ ಮಾತ್ರ ಗುಲಾಬಿ. ಕೆಳಗಿಟ್ಟ ಚೀಟಿಯಲ್ಲಿ ‘ರೋಡೋನೈಟ್, ಸಂಡೂರು’ ಎಂದು ಬರೆದಿತ್ತು. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಆ ಸುಳ್ಳಿನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಇರಾದೆಯೂ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಬಿ.ಎಸ್ಸಿ. ಓದುತ್ತಿದ್ದೆ. ನಮ್ಮೂರು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್. ಊರ ಹೊರಗೆ ಕಾಲುವೆ ಕಡಿಯುವ ಕೆಲಸ ನಡೆದಿತ್ತು. ತೆಗೆದ ಕಲ್ಲನ್ನು ನಮ್ಮ ಕೇರಿಯ ಹೆಂಗಸರು ಬಿಸಿಲಲ್ಲಿ ಕೂತು ಸುತ್ತಿಗೆಯಿಂದ ಸಣ್ಣಗೆ ಒಡೆಯುತ್ತಿದ್ದರು. ಹಾಗೆ ಒಡೆದ ಜಲ್ಲಿಗೆ ನಮ್ಮ ಕಡೆ ಖಡಿ ಅನ್ನುತ್ತಾರೆ. ನನ್ನ ಅವ್ವನೂ ಖಡಿ ಒಡೆಯಲು ಹೋಗುತ್ತಿದ್ದಳು. ಒಂದು ಭಾನುವಾರ ಆಕೆಗೆ ರೊಟ್ಟಿ ಕೊಡಲು ಹೋದಾಗ ಆಕೆಯ ರಾಶಿಯಲ್ಲಿ ಗುಲಾಬಿ ಬಣ್ಣದ ಚೂರು ಕಂಡೆ.

ನಮ್ಮ ಸೀಮೆಯಲ್ಲಿ ಕೆಂಪು ಕಲ್ಲಿಗೇನೂ ಬರವಿಲ್ಲ. ಎತ್ತ ನೋಡಿದರೂ ಗ್ರಾನೈಟ್ ಬಂಡೆ, ಅದರೊಳಗೆ ಕೆಂಪು ಫೆಲ್ಡ್‌ಸ್ಪಾರ್. ಆದರೆ ಈ ಚೂರಿನ ತೂಕವೇ ಬೇರೆ. ಅಷ್ಟು ಸಣ್ಣ ಕಲ್ಲು ಕೈಯನ್ನು ಹಾಗೆ ಕೆಳಗೆ ಎಳೆಯಬಾರದು. ಅವ್ವನನ್ನು ಕೇಳಿದರೆ, “ಅದು ಸುಡುಗಾಡು ಕಲ್ಲು, ಒಂದೇಟಿಗೆ ಒಡ್ಯಂಗಿಲ್ಲ” ಅಂದಳು. ನಾನು ಕಾಲುವೆಯ ಗುಂಡಿಗೆ ಇಳಿದೆ. ಗೋಡೆಯ ಕಪ್ಪು ಕಲ್ಲಿನ ನಡುವೆ ಅಂಗೈ ಅಗಲದ ಗುಲಾಬಿ ಎಳೆಯೊಂದು ಓರೆಯಾಗಿ ಓಡಿತ್ತು. ಮ್ಯಾಂಗನೀಸ್ ಇರುವ ಕಲ್ಲು, ನಮ್ಮೂರಲ್ಲಿ. ಖುಷಿಗೆ ನನಗೆ ಹಸಿವೆಯೇ ಮರೆತುಹೋಯಿತು.

ಅವ್ವನ ಸುತ್ತಿಗೆಯನ್ನೇ ತೆಗೆದುಕೊಂಡು ಒಡೆದೆ. ಒಳ್ಳೆಯ ನಮೂನೆ ಒಂದು ಸಿಕ್ಕಿತು, ಸಣ್ಣ ಚೂರುಗಳು ಒಂದಷ್ಟು. ಈ ಕಲ್ಲು ಗಾಳಿ ಬಿಸಿಲಿಗೆ ಬಹಳ ದಿನ ಬಿದ್ದರೆ ಕಪ್ಪಾಗುತ್ತದೆ, ಅದಕ್ಕೇ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದೆ. ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಅಕ್ಕಪಕ್ಕದ ಕಲ್ಲು ಯಾವುದು, ಎಲ್ಲ ಬರೆದುಕೊಂಡೆ. ಹಾಗೆ ಮಾಡಬೇಕೆಂದು ಕಲಿಸಿದ್ದು ನಮ್ಮ ಭೂವಿಜ್ಞಾನದ ಮೇಷ್ಟ್ರೇ. ಮೊದಲು ಜಾಗ, ಆಮೇಲೆ ಕಲ್ಲು. ಜಾಗ ಗೊತ್ತಿಲ್ಲದ ಕಲ್ಲನ್ನು ಕಪಾಟಿನಲ್ಲಿಟ್ಟರೂ ಒಂದೇ ಬೀದಿಗೆ ಎಸೆದರೂ ಒಂದೇ ಎಂದು ಅವರು ಪ್ರತಿ ವರ್ಷ ಮೊದಲ ಪಾಠದಲ್ಲಿ ಹೇಳುತ್ತಿದ್ದರು.

ಇದೇ ಮೇಷ್ಟ್ರು ಹುಡುಗರನ್ನು ದೇವದುರ್ಗದ ಕಡೆ ಬಂಡೆ ನೋಡಲು ಕರೆದೊಯ್ದಾಗ ತರಗತಿಯಲ್ಲಿದ್ದ ನಮ್ಮಿಬ್ಬರು ಹುಡುಗಿಯರಿಗೆ, “ನೀವು ಇಲ್ಲೇ ಕುಂತು ನಕ್ಷೆ ತಗೀರಿ. ಬಿಸಿಲಾಗ ಎಲ್ಲಿ ತಿರುಗ್ತೀರಿ” ಅಂದಿದ್ದರು. ಬಿಸಿಲಂತೆ. ನನ್ನ ಅವ್ವ ದಿನವಿಡೀ ಕೂರುತ್ತಿದ್ದುದು ಯಾವ ನೆರಳಿನಲ್ಲಿ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಸುಮ್ಮನೆ ನಕ್ಷೆ ತೆಗೆದೆ.

ಸೋಮವಾರ ಕಲ್ಲನ್ನು ಅವರ ಮೇಜಿನ ಮೇಲಿಟ್ಟೆ. ಮೊದಲ ನೋಟಕ್ಕೆ, “ಫೆಲ್ಡ್‌ಸ್ಪಾರ್ ಅದ, ಊರ ತುಂಬ ಬಿದ್ದದ” ಅಂದರು. ಎತ್ತಿ ನೋಡಿರೆಂದೆ. ಎತ್ತಿದರು. ಚಾಕುವಿನಿಂದ ಗೀರಿದರು, ಆಸಿಡ್ ಹನಿ ಬಿಟ್ಟರು, ಭೂತಗನ್ನಡಿ ಹಿಡಿದರು. ಅವರ ಮುಖ ಅರಳಿತು. “ರೋಡೋನೈಟ್ ಇದು. ಎಲ್ಲಿಂದ ತಂದಿ?”

“ನಮ್ಮೂರಾಗಿಂದ್ರಿ ಸರ್. ಹಿರೇಕೊಟ್ನೆಕಲ್.”

ಅವರು ನಕ್ಕರು. “ನಿಮ್ಮೂರಾಗ ಮ್ಯಾಂಗನೀಸ್ ಎಲ್ಲಿಂದ ಬರಬೇಕು? ಸಂಡೂರಿನ ಅದಿರು ಲಾರಿಯಿಂದ ಬಿದ್ದಿರ್ತದ.”

“ಅದು ಲಾರಿ ಹೋಗೋ ದಾರಿ ಅಲ್ರಿ. ಕಾಲುವಿ ಕಡಿದಲ್ಲಿ, ಗೋಡಿಯೊಳಗ ಐತ್ರಿ. ನೀವ ಬಂದು ನೋಡ್ರಿ.”

“ನೋಡೋಣ” ಅಂದರು. ನನ್ನ ಕಣ್ಣೆದುರೇ ಚೀಟಿಯಲ್ಲಿ ಸಂಡೂರು ಎಂದು ಬರೆದು ಕಪಾಟಿಗೆ ಬೀಗ ಹಾಕಿದರು. ಮಾನ್ವಿ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಹೋಗಿ ಬರಬಹುದಾದ ಊರು. ಅವರು ಬರಲೇ ಇಲ್ಲ. ನಾನು ಎಡೆಬಿಡದೆ ಬೆನ್ನು ಹತ್ತಿದೆ. ಉಳಿದ ಚೂರುಗಳನ್ನು ತಂದು ತೋರಿಸಿದರೆ ಇವೂ ಅದೇ ಲಾರಿಯವು ಅಂದರು. ಕೊನೆಗೆ ಬೇಸತ್ತು, “ಬಂಡೆಗಲ್ಲಿಗೆ ಅಂಟಿದ್ದನ್ನ ಅಕ್ಕಪಕ್ಕದ ಕಲ್ಲಿನ ಸಮೇತ ಒಡ್ಕೊಂಡು ಬಾ. ಆವಾಗ ಚೀಟಿ ತಿದ್ತೀನಿ” ಎಂದರು. ನ್ಯಾಯದ ಮಾತೇ. ಆದರೆ ಆಗಲೇ ಎರಡನೆಯ ವರ್ಷದ ಪರೀಕ್ಷೆಗಳು ಶುರುವಾಗಿದ್ದವು. ಅವು ಮುಗಿದ ಮೇಲೆ ಓಡಿಹೋದೆ.

ಕಾಲುವೆಯ ಗೋಡೆಗೆ ತಳದಿಂದ ಮೇಲಿನವರೆಗೆ ಸಿಮೆಂಟ್ ಬಳಿದಾಗಿತ್ತು. ದಂಡೆಯ ಮೇಲೆ ರಾಶಿಗಳಿಲ್ಲ, ಹೆಂಗಸರಿಲ್ಲ. ತಳದ ಹಸಿ ಸಿಮೆಂಟಿನ ಮೇಲೆ ನಾಯಿಯ ಹೆಜ್ಜೆಗಳು ಮೂಡಿದ್ದವು. ಮನೆಗೆ ಬಂದು ಅವ್ವನನ್ನು ಕೇಳಿದೆ.

“ಆ ಕೆಂಪ ಕಲ್ಲೇನು? ಎಲ್ಲಾ ಒಡದ್ವಿ” ಅಂದಳು ಅವ್ವ. “ಗುತ್ತೇದಾರ ಬಿಡವಲ್ಲ. ಕೈ ಹರದು ಹೋದ್ವು. ಅದ ಖಡಿ ಸಿಮೆಂಟಿನಾಗ ಕಲಿಸಿ ಅಲ್ಲೇ ಬಳದಾರ.”

ನನ್ನ ಮಾತಿಗೆ ಇದ್ದ ಸಾಕ್ಷಿಯನ್ನು ನನ್ನ ಅವ್ವನೇ ಒಡೆದು ಹಾಕಿದ್ದಳು. ಮೇಷ್ಟ್ರಿಗೆ ಹೋಗಿ ಹೇಳಿದೆ. ಅವರು ತಲೆ ಅಲ್ಲಾಡಿಸಿ, “ಹಂಗಾದ್ರ ಮುಗೀತಲ್ಲ” ಅಂದರು.

ಮುಗಿದಿರಲಿಲ್ಲ. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮೇಜಿನ ಮೇಲೆ ಸಾಲಾಗಿ ಕಲ್ಲುಗಳನ್ನು ಇಟ್ಟಿರುತ್ತಾರೆ. ಒಂದೊಂದನ್ನೂ ಎತ್ತಿ ನೋಡಿ ಹೆಸರು, ಗುಣ, ಎಲ್ಲಿ ಸಿಗುತ್ತದೆ ಎಂದು ಬರೆಯಬೇಕು. ನನಗೆ ಎಂ.ಎಸ್ಸಿ. ಸೀಟು ಸಿಗಬೇಕಾದರೆ ಫಸ್ಟ್ ಕ್ಲಾಸ್ ಬೇಕಿತ್ತು, ಫಸ್ಟ್ ಕ್ಲಾಸ್ ಬರಬೇಕಾದರೆ ಈ ಪ್ರಾಕ್ಟಿಕಲ್ ಕೈ ಹಿಡಿಯಬೇಕಿತ್ತು. ಸಾಲಿನ ನಡುವೆ ನನ್ನ ಕಲ್ಲು ಕೂತಿತ್ತು. ಕಪಾಟಿನಿಂದ ತೆಗೆದು ಅಂಟುಪಟ್ಟಿ ಹಚ್ಚಿ ನಂಬರ್ ಬರೆದಿದ್ದರು.

ಹೆಸರು ಬರೆದೆ, ಗುಣ ಬರೆದೆ. ಎಲ್ಲಿ ಸಿಗುತ್ತದೆ ಎಂಬಲ್ಲಿ ಪೆನ್ನು ನಿಂತಿತು. ಏನು ಬರೆದರೆ ಅಂಕ ಬರುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಓಡಾಡುತ್ತಿದ್ದರು. ಆ ನಡಿಗೆ ನೋಡಿ ಮೈಯೆಲ್ಲ ಉರಿಯಿತು. ‘ಹಿರೇಕೊಟ್ನೆಕಲ್, ಮಾನ್ವಿ ತಾಲ್ಲೂಕು, ಕಾಲುವೆ ಕಡಿದ ಜಾಗ’ ಎಂದು ದಪ್ಪ ಅಕ್ಷರದಲ್ಲಿ ಬರೆದೆ.

ಆಮೇಲೆ ಪ್ರಶ್ನೆ ಕೇಳುವಾಗ ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಉತ್ತರದ ಮೇಲೆ ಬೆರಳಿಟ್ಟರು. “ಇದು ಯಾವ ಪುಸ್ತಕದಲ್ಲಿದೆ?”

“ಪುಸ್ತಕದಾಗ ಇಲ್ರಿ ಸರ್. ನಮ್ಮವ್ವ ಅಲ್ಲಿ ಕುಂತು ಒಡದಾಳ್ರಿ.”

ಅವರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ನಗುತ್ತ, “ಶಾಣ್ಯಾ ಹುಡುಗಿ ಅದಾಳ್ರಿ, ಆದ್ರ ಅದೊಂದು ಹಟ ಹಿಡದದ” ಅಂದರು. ಪರೀಕ್ಷಕರೂ ನಕ್ಕರು. ಕೆಂಪು ಪೆನ್ಸಿಲ್ಲಿನಿಂದ ನಮ್ಮೂರ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಇಬ್ಬರೂ ಕೆಟ್ಟವರಲ್ಲ ಎಂದು ಆಮೇಲೆ ಎಷ್ಟೋ ಜನ ನನಗೆ ಸಮಾಧಾನ ಹೇಳಿದ್ದಾರೆ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಸೆಕೆಂಡ್ ಕ್ಲಾಸ್ ಬಂತು. ಪ್ರಾಕ್ಟಿಕಲ್‌ನ ಅಂಕ ನೋಡಿದರೆ ಕಡಿತ ಆ ಒಂದು ಕಲ್ಲಿಗೆ ನಿಂತಿರಲಿಲ್ಲ, ಹಟಕ್ಕೂ ಸೇರಿ ಕಡಿದಂತಿತ್ತು. ಎಂ.ಎಸ್ಸಿ. ಸೀಟು ಸಿಗಲಿಲ್ಲ. ಬಿ.ಎಡ್. ಮಾಡಿ, ಎಂಬತ್ತರ ದಶಕದಲ್ಲಿ ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಹುಡುಗಿಯರನ್ನೂ ಬಂಡೆ ನೋಡಲು ಕರೆದುಕೊಂಡು ಹೋಗುತ್ತಿದ್ದೆ, ಬಿಸಿಲಲ್ಲೇ. ಆ ಕೆಲಸದ ಬಗ್ಗೆ ನನಗೆ ದೂರಿಲ್ಲ.

ಆ ಸೆಕೆಂಡ್ ಕ್ಲಾಸಿನ ಫಲಿತಾಂಶ ಬಂದ ಸಂಜೆಯೇ ಊರಿಗೆ ಹೋಗಿದ್ದೆ. ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, “ಸಂಡೂರ ಅಂತ ಬರದಿದ್ರ ಸೀಟ ಸಿಗ್ತಿತ್ತೇನು?” ಅಂದಳು.

“ಸಿಗ್ತಿತ್ತು ಬೇ.”

“ಮತ್ತ ಹಂಗ ಬರೀಬೇಕಿತ್ತು. ದೊಡ್ಡವರು ಹೇಳಿದ್ದಕ್ಕ ಹೂಂ ಅಂದಿದ್ರ ನಿಂದೇನು ಹೋಗ್ತಿತ್ತು?”

ಅದುವರೆಗೆ ನಾನು ಆಕೆಯ ಮೇಲೆ ದನಿ ಎತ್ತಿದವಳಲ್ಲ. ಆ ಸಂಜೆ ಎತ್ತಿದೆ. “ಹಂಗಾದ್ರ ನೀ ಅಲ್ಲಿ ಕುಂತು ಒಡದಿದ್ದೂ ಸುಳ್ಳಾಗಲೇನು?”

ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. “ನಾವು ಎಲ್ಲಿ ಕುಂತು ಏನು ಒಡದ್ವಿ ಅಂತ ಯಾರು ಬರಕೊಂಡಾರ ಯವ್ವಾ,” ಅಂದಳು. “ನೀ ಯಾಕ ಸೀಟ ಕಳ್ಕೊಂಡಿ?”

ಆ ರಾತ್ರಿ ನಾನು ಉಣ್ಣಲಿಲ್ಲ. ಮೇಷ್ಟ್ರ ಮೇಲಿನ ಸಿಟ್ಟಿಗಿಂತ ಅವ್ವನ ಮೇಲಿನ ಸಿಟ್ಟೇ ನನಗೆ ಹೆಚ್ಚಾಗಿತ್ತು. ಯಾರು ಬರಕೊಂಡಾರ ಅನ್ನುವ ಮಾತನ್ನು ಆಕೆ ಒಂದು ಚೂರೂ ನೋವಿಲ್ಲದೆ ಹೇಳಿದ್ದಳು.