ಗೆಳತಿಯ ಕ್ಯಾಂಪರ್ ವ್ಯಾನು

ಕೊರೊನಾ ಬಂದ ವರ್ಷದ ಬೇಸಿಗೆಯಲ್ಲಿ ನನ್ನ ಗೆಳತಿ ಮತ್ತು ಅವಳ ಗಂಡ ಹಳೆಯದೊಂದು ಕ್ಯಾಂಪರ್ ವ್ಯಾನು ಕೊಂಡರು. ಒಳಗೇ ಹಾಸಿಗೆ, ಒಲೆ, ಪುಟ್ಟ ಟಾಯ್ಲೆಟ್ಟು ಎಲ್ಲ ಇರುವ ಬಿಳಿ ಗಾಡಿ. ಅವಳೂ ನಾನೂ ಬೆಂಗಳೂರಿನ ಒಂದೇ ಆಫೀಸಿನಿಂದ ನೆದರ್‌ಲ್ಯಾಂಡ್ಸಿಗೆ ಬಂದವರು. ಅವಳ ಮನೆ ರೈಸ್‌ವೈಕಿನಲ್ಲಿ, ನನ್ನದು ಆಲ್ಮೆರೆಯಲ್ಲಿ. ಅವಳು ಹೊಸ ಸೋಫಾ ತಂದರೆ ನನ್ನ ಸೋಫಾ ನನಗೆ ಹಳತಾಗಿ ಕಾಣುತ್ತಿತ್ತು. ಅಷ್ಟರ ಮಟ್ಟಿನ ಹೊಟ್ಟೆಕಿಚ್ಚು ಮೊದಲಿನಿಂದಲೂ ಇತ್ತು. ವ್ಯಾನು ಬಂದ ಮೇಲೆ ಅದು ನನ್ನನ್ನು ಕೂರಲು ನಿಲ್ಲಲು ಬಿಡಲಿಲ್ಲ.

ಆ ಬೇಸಿಗೆಯ ಮೊದಲಲ್ಲಿ ಕ್ಯಾಂಪಿಂಗ್ ಜಾಗಗಳ ಸಾರ್ವಜನಿಕ ಬಚ್ಚಲು, ಶೌಚಾಲಯಗಳಿಗೆ ಬೀಗ ಬಿದ್ದಿತ್ತು. ಗಾಡಿಯಲ್ಲೇ ಟಾಯ್ಲೆಟ್ ಇದ್ದವರು ಹೋಗಿ ಇಳಿದುಕೊಳ್ಳಬಹುದಿತ್ತು. ನಾವು ಕಾಯ್ದಿರಿಸಿದ್ದ ಡೇರೆ ರದ್ದಾಯಿತು. ನನ್ನ ಗಂಡ ಮಲಗುವ ಕೋಣೆಯಲ್ಲಿ, ನಾನು ಊಟದ ಮೇಜಿನಲ್ಲಿ ಕೂತು ಆಫೀಸಿನ ಕೆಲಸ ಮಾಡುತ್ತಿದ್ದೆವು. ಶುಕ್ರವಾರ ಸಂಜೆಯಾದರೆ ಸಾಕು, ವಾಟ್ಸ್ಯಾಪಿನಲ್ಲಿ ಅವಳ ಚಿತ್ರ ಬರುತ್ತಿತ್ತು: ಒಮ್ಮೆ ನದಿಯ ದಂಡೆ, ಒಮ್ಮೆ ಪೈನ್ ಮರಗಳು, ವ್ಯಾನಿನ ಬಾಗಿಲಲ್ಲಿ ಕಾಫಿ ಲೋಟ. ನಾನು ಮೆಚ್ಚುಗೆಯ ಹೆಬ್ಬೆರಳಿನ ಗುರುತು ಒತ್ತಿ ಫೋನು ಮಗುಚಿ ಇಡುತ್ತಿದ್ದೆ.

ಅವಳ ಅಮ್ಮ ಆ ವಸಂತದಲ್ಲೇ ಮೈಸೂರಿನಲ್ಲಿ ತೀರಿಕೊಂಡಿದ್ದರು. ವಿಮಾನಗಳಿರಲಿಲ್ಲ, ಇವಳಿಗೆ ಹೋಗಲಾಗಲಿಲ್ಲ. ನಾನು ಫೋನಿನಲ್ಲಿ ಸಮಾಧಾನ ಹೇಳಿದ್ದೆ. ಆದರೆ ಚಿತ್ರಗಳು ಬರತೊಡಗಿದ ಮೇಲೆ, ಅಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಹೇಗೆ ತಿರುಗುತ್ತಾಳೆ ನೋಡಿ ಎಂದು ಗಂಡನ ಮುಂದೆ ಅಂದೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, ಅವರವರ ಇಷ್ಟ ಎಂದರು. ಅದೂ ನನಗೆ ಸಿಟ್ಟು ತರಿಸಿತು.

ನವೆಂಬರ್ ಕೊನೆಯಲ್ಲಿ ಅವಳೇ ಕರೆದಳು. ವಾಗೆನಿಂಗನ್ ಹತ್ತಿರ ಕಾಡಿನಂಚಿನ ಒಂದು ಕ್ಯಾಂಪಿಂಗ್ ಜಾಗದಲ್ಲಿ ಅವರು ವ್ಯಾನು ನಿಲ್ಲಿಸುವವರಿದ್ದರು. ಪಕ್ಕದಲ್ಲೇ ಬಾಡಿಗೆಗೆ ಸಿಗುವ ಮರದ ಪುಟ್ಟ ಗುಡಿಸಲಿನಲ್ಲಿ ನಾವು ಉಳಿಯುವುದೆಂದಾಯಿತು.

ಜಾಗದ ಒಡತಿ ಒಬ್ಬ ವಯಸ್ಸಾದ ಡಚ್ ಹೆಂಗಸು. ಬೇಲಿಯಾಚೆ ದೂರದಲ್ಲೇ ನಿಂತು ಆ ಜಾಗದ ಕಥೆ ಹೇಳಿದಳು. ಮೊದಲು ಅದು ಅವಳ ಅಪ್ಪನ ಹಸುಗಳು ಮೇಯುವ ಹುಲ್ಲುಗಾವಲಾಗಿತ್ತಂತೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಪಟ್ಟಣದ ಕಾರ್ಖಾನೆ ಕೆಲಸಗಾರರು ಸೈಕಲ್ಲಿಗೆ ಡೇರೆ ಕಟ್ಟಿಕೊಂಡು ಬಂದು, ಮಲಗಲು ಸ್ವಲ್ಪ ಜಾಗ ಕೇಳಿದರಂತೆ. ಆಮೇಲೆ ಡೇರೆಗಳು ಹೋಗಿ ಕಾರಿನ ಹಿಂದೆ ಎಳೆದು ತರುವ ಕ್ಯಾರವಾನುಗಳು ಬಂದವು. ಆ ಕೆಲಸಗಾರರ ಮೊಮ್ಮಕ್ಕಳು ಈಗಲೂ ಅದೇ ಮರದ ಕೆಳಗಿನ ಅದೇ ಜಾಗ ಕೇಳಿ ಬರುತ್ತಾರಂತೆ. ಅಜ್ಜನ ಕಾಲದ ಮರವೊಂದು ಈ ದೇಶದಲ್ಲಿ ಇರುವವರ ಮೇಲೂ ನನಗೆ ಅಸೂಯೆಯಾಯಿತು. ವರ್ಕ್ ಪರ್ಮಿಟ್ ಮುಗಿಯುವುದು ಯಾವಾಗ ಎಂದು ನೆನಪಿಟ್ಟುಕೊಂಡು ಬದುಕುವವಳು ನಾನು.

ಸಂಜೆಗೆ ಚಳಿ ಮೂಳೆಗಿಳಿಯಿತು. ಗುಡಿಸಲಿನ ಹೀಟರು ತನ್ನನ್ನು ತಾನು ಬೆಚ್ಚಗಿಟ್ಟುಕೊಂಡರೆ ಹೆಚ್ಚು. ನಾನು ಜಾಕೆಟ್ಟು ಬಿಚ್ಚದೆ ಕೂತಿರುವುದನ್ನು ಕಿಟಕಿಯಲ್ಲಿ ನೋಡಿ ಗೆಳತಿ ನಮ್ಮಿಬ್ಬರನ್ನೂ ವ್ಯಾನಿಗೆ ಕರೆದುಕೊಂಡು ಹೋದಳು.

ಒಳಗೆ ಬೇರೆಯದೇ ಹವೆ. ಮುಂದಿನ ಗಾಜಿಗೆ ಹತ್ತಿ ತುಂಬಿದ ದಪ್ಪ ಪರದೆ, ಕಾಲಡಿಗೆ ಕಂಬಳಿ, ಗ್ಯಾಸ್ ಹೀಟರಿನ ಮೆಲ್ಲನೆಯ ಗುಂಯ್ ಸದ್ದು. ಉಸಿರಿನ ತೇವ ಕಟ್ಟಬಾರದೆಂದು ಮೇಲಿನ ಕಿಂಡಿ ಒಂದು ಬೆರಳಷ್ಟು ತೆರೆದಿತ್ತು. ಬಿಸಿಬೇಳೆಬಾತಿನ ಘಮ ತುಂಬಿತ್ತು. ಅವಳ ಗಂಡ ಬಟ್ಟೆ ಹಿಡಿದು ಕಿಟಕಿಯ ನೀರು ಒರೆಸಿದ, ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಯಾರೂ ಕೇಳದೆಯೇ ಅವಳ ಪಾದದ ಬಳಿ ಇಟ್ಟ. ವ್ಯಾನು ನಾವೂ ಕೊಳ್ಳಬಹುದಿತ್ತು. ಇದನ್ನೆಲ್ಲಿಂದ ತರುವುದು? ನನ್ನ ಗಂಡ ಎರಡನೇ ಸಲ ಬಡಿಸಿಕೊಂಡು, ಬಾತು ಚೆನ್ನಾಗಿದೆ ಎನ್ನುತ್ತಿದ್ದರು.

ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಹೆಪ್ಪುಗಟ್ಟಿತ್ತು. ಗೆಳತಿಯೂ ನಾನೂ ಇಬ್ಬರೇ ಕಾಡಿನ ಕಡೆ ನಡೆದೆವು. ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ನಿಂಗೇನಮ್ಮ, ವಾರ ವಾರಾನೂ ಪಿಕ್ನಿಕ್. ಪುಣ್ಯ ಮಾಡಿದೀಯ," ಅಂದೆ.

ಅವಳು ನಿಂತಳು. ಕೋಪ ಬಂದಂತೆ ಕಾಣಲಿಲ್ಲ.

"ಶನಿವಾರ ನಮ್ಮನೆ ಹಾಲ್‌ನಲ್ಲಿ ಇರೋಕಾಗಲ್ಲ ಕಣೇ. ಅಮ್ಮನ್ನ ಎತ್ಕೊಂಡು ಹೋಗಿದ್ದು ಶನಿವಾರ. ಆ ಸೋಫಾ ಮೇಲೇ ಕೂತು ಲ್ಯಾಪ್‌ಟಾಪಲ್ಲಿ ನೋಡಿದೆ. ಮಧ್ಯದಲ್ಲಿ ನೆಟ್‌ವರ್ಕ್ ಹೋಯ್ತು. ಮತ್ತೆ ಕನೆಕ್ಟ್ ಆಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು."

ಮತ್ತೆ ಹೆಜ್ಜೆ ಹಾಕುತ್ತ ಅವಳು ಉಳಿದದ್ದನ್ನೂ ಹೇಳಿದಳು. ಶನಿವಾರ ಬಂದರೆ ಅವಳು ಊಟ ಬಿಟ್ಟು ಗೋಡೆ ನೋಡುತ್ತ ಕೂರುತ್ತಿದ್ದಳಂತೆ. ಅದನ್ನು ಕಂಡು ಹೆದರಿದ ಗಂಡ, ಗಾಡಿಗಳ ಬಗ್ಗೆ ಏನೂ ಗೊತ್ತಿಲ್ಲದವನು, ಎಲ್ಲೆಲ್ಲೋ ವಿಚಾರಿಸಿ ಈ ವ್ಯಾನು ತಂದನಂತೆ. ಚಿತ್ರ ಕಳಿಸುತ್ತಿದ್ದುದು ನನಗೊಬ್ಬಳಿಗೇ ಎಂದಳು. ಮೊದಲು ಎಲ್ಲಿಗೆ ಹೋದರೂ ಅಮ್ಮನಿಗೆ ಕಳಿಸುತ್ತಿದ್ದಳು.

ನಾನು ಅವಳ ಕೈ ಹಿಡಿದುಕೊಂಡೆ. ಆ ದಿನಗಳಲ್ಲಿ ಹಾಗೆ ಯಾರನ್ನೂ ಮುಟ್ಟಬಾರದಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.

ಡಿಸೆಂಬರಿನಲ್ಲಿ ಮತ್ತೆ ಲಾಕ್‌ಡೌನ್ ಬಿಗಿಯಾಯಿತು. ಆದರೂ ಒಂದು ಶುಕ್ರವಾರ ಚಿತ್ರ ಬಂತು. ಸಮುದ್ರದ ಬಳಿ ಎಲ್ಲೋ ವ್ಯಾನು ನಿಲ್ಲಿಸಿದ್ದರು. ನಾನು ಕೂಡಲೇ ಫೋನು ಮಾಡಿದೆ. ಅವಳ ಅಮ್ಮ ಮಾಡುತ್ತಿದ್ದ ಗೊಜ್ಜಿನ ಬಗ್ಗೆ, ಬೀದಿಯ ತುದಿವರೆಗೂ ಬಂದು ಆಟ ಬಿಡದ ಮಗಳನ್ನು ಬೈದು ಕರೆದೊಯ್ಯುತ್ತಿದ್ದುದರ ಬಗ್ಗೆ ಅವಳು ಹೇಳುತ್ತಾ ಹೋದಳು, ನಾನು ಮೆಟ್ಟಿಲ ಮೇಲೆ ಕೂತು ಕೇಳಿದೆ. ನಡುವೆ ಅವಳ ಗಂಡ ಚಹಾ ತಂದುಕೊಟ್ಟ ಸದ್ದು ಕೇಳಿಸಿತು. ಹೊಟ್ಟೆಯೊಳಗೆ ಅದೇ ಹಳೆಯ ಉರಿ ಒಮ್ಮೆ ಎದ್ದಿತು. ಫೋನು ಇಡಲಿಲ್ಲ. ಗೊಜ್ಜಿಗೆ ಬೆಲ್ಲ ಹಾಕುತ್ತಿದ್ದರಾ ಎಂದು ಕೇಳಿದೆ.